ಸೂತಿಕಾಗೃಹದ ಹೊಸ್ತಿಲಲ್ಲಿ ಪತಿ

ಬಯಕೆಯ ಶಾಸ್ತ್ರ ಮುಗಿದ ಬಳಿಕ ಚೊಚ್ಚಲ ಬಸುರಿಯು ಕಾರ್ಕಳದ ತವರಿಗೆ ತೆರಳುವಳು. ಪತಿಯು ಮಣಿಪಾಲದ ಉದ್ಯೋಗದಲ್ಲಿ ಉಳಿಯುವನು. ಸಹಜಪ್ರಸವದ ಪಾಠಗಳಿಗೆ ದಂಪತಿಗಳು ಜತೆಯಾಗಿ ಹೋಗುವುದು ಉಚಿತವೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. "ಹೆರಿಗೆಯ ಕೋಣೆಯಲ್ಲಿ ಗಂಡಸಿಗೇನು ಕೆಲಸ?" ಎಂಬ ತವರಿನ ತಾಯಿಯ ಮಾತು ನಿರಾಧಾರವಲ್ಲ, ಹಲವು ಬಾರಿ ಹೆತ್ತ ಸ್ತ್ರೀಯರು ಬಳಿಯಿದ್ದು ಸಾಂತ್ವನಗೊಳಿಸಬೇಕೆಂದು ಚರಕಸಂಹಿತೆಯೂ ವಿಧಿಸುತ್ತದೆ. ಆದರೆ ಅಂತಹ ಅನುಭವಿಗಳು ಇಂದಿನ ಚಿಕ್ಕ ಕುಟುಂಬಗಳಲ್ಲಿ ದುರ್ಲಭ. 2016ರಲ್ಲಿ ಭಾರತ ಸರಕಾರವು ಸರಕಾರಿ ಆಸ್ಪತ್ರೆಗಳಲ್ಲಿ ಪ್ರಸವಕಾಲಕ್ಕೆ ಬಂಧುಸ್ತ್ರೀಯೊಬ್ಬಳಿಗೂ, ಏಕಾಂತದ ಏರ್ಪಾಡಿದ್ದಲ್ಲಿ ಪತಿಗೂ ಅನುಮತಿಯಿತ್ತಿತು. ಅನುಮತಿಯೊಂದರಿಂದಲೇ ಅರ್ಹತೆ ಬಾರದು. ಉಸಿರಿನ ಲಯವನ್ನೂ ಬೆನ್ನು ನೀವುವ ಕ್ರಮವನ್ನೂ ಕಲಿಯದವನು ಅಲ್ಲಿ ಬರಿಯ ಪ್ರೇಕ್ಷಕ. ಕಲಿತವನಾದರೂ, ಶಸ್ತ್ರಕ್ರಿಯೆ ಅನಿವಾರ್ಯವಾದರೆ ಪಾಠ ವ್ಯರ್ಥವಾಯಿತೆಂದು ಮುಖ ಸಣ್ಣದು ಮಾಡಬಾರದು. ಇನ್ನು ಅವನು ಒಳಗಿರಬೇಕೋ ಬೇಡವೋ ಎಂಬುದನ್ನು ಹೇಳತಕ್ಕವಳು ಹೆರುವವಳೇ. ನೋವಿನ ನಡುವೆ ಆಕೆ ಮನಸ್ಸು ಬದಲಿಸಿದರೆ ಅವನು ಮರುಮಾತಿಲ್ಲದೆ ಹೊರಗೆ ಬರತಕ್ಕದ್ದು.