ಬ್ರೇಕ್ ಲೈಟು ಯಾರ ಸ್ವತ್ತು?

ಕಾರು ಕೊಳ್ಳುವಾಗ ಮೈಲೇಜು ಕೇಳ್ತೀವಿ, ಬೂಟ್ ಸ್ಪೇಸ್ ಕೇಳ್ತೀವಿ, ಸನ್‌ರೂಫ್ ಇದೆಯಾ ಅಂತ ಕೇಳ್ತೀವಿ. ಬ್ರೇಕ್ ಲೈಟು ಹೇಗಿದೆ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ. ಯಾಕೆ ಕೇಳಬೇಕು ಹೇಳಿ? ಹೆಡ್‌ಲೈಟು ನನ್ನ ದಾರಿ ತೋರಿಸುತ್ತೆ, ವೈಪರು ನನ್ನ ಗಾಜು ಒರೆಸುತ್ತೆ, ಹಾರನ್ನು ನಮ್ಮ ದೇಶದಲ್ಲಿ ನನ್ನ ಸಿಟ್ಟು ತೀರಿಸುತ್ತೆ. ಬ್ರೇಕ್ ಲೈಟು ಮಾತ್ರ ನನ್ನ ದುಡ್ಡಲ್ಲಿ, ನನ್ನ ಬ್ಯಾಟರಿಯಲ್ಲಿ, ಇನ್ನೊಬ್ಬನಿಗಾಗಿ ಉರಿಯುತ್ತೆ. ಹಿಂದಿನವನು ಬಂದು ಗುದ್ದದೇ ಇರೋದೇ ನಿನ್ನ ಲಾಭ ಅಂತ ನೀವು ಹೇಳಬಹುದು. ಸರಿ, ಆದರೆ ಆಗದೇ ಹೋದ ಅಪಘಾತದ ಲೆಕ್ಕ ಯಾರು ಇಟ್ಟಿರ್ತಾರೆ? ಅದಕ್ಕೇ ಇರಬೇಕು, ಅದನ್ನ ನಮ್ಮ ಒಳ್ಳೇತನಕ್ಕೆ ಬಿಡದೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಸೇರಿಸಿದ್ದಾರೆ.

ಇದೆಲ್ಲ ತಲೆಗೆ ಹೊಕ್ಕಿದ್ದು ಊರಲ್ಲಿ. ನಮ್ಮೂರು ಶಿವಾರಪಟ್ಟಣ, ಮಾಲೂರು ತಾಲ್ಲೂಕು. ಗೊತ್ತಿಲ್ಲದವರಿಗೆ ಹೇಳೋದಾದರೆ, ಬೆಳಗಾದರೆ ಕೋಳಿಗಿಂತ ಮೊದಲು ಉಳಿ ಕೂಗುವ ಊರು. ಬೀದಿ ಬದಿಯಲ್ಲೆಲ್ಲ ಅರ್ಧ ಕೆತ್ತಿದ ಗಣಪತಿ, ಹನುಮಂತ, ಮುಖ ಇನ್ನೂ ಬಾರದ ಅಮ್ಮನವರು. ನಮ್ಮ ಚಿಕ್ಕಪ್ಪನದು ಕೆತ್ತೋ ಕೆಲಸ ಅಲ್ಲ, ಸಾಗಿಸೋ ಕೆಲಸ. ಹಳೇದೊಂದು ಗೂಡ್ಸ್ ವ್ಯಾನು ಇದೆ. ಹುಲ್ಲು ಹಾಸಿ, ಗೋಣಿಚೀಲ ಸುತ್ತಿ, ದೇವರನ್ನ ಮಲಗಿಸಿಕೊಂಡು ಆಂಧ್ರ, ತಮಿಳುನಾಡು ಅಂತ ಹೋಗ್ತಾನೆ.

ವ್ಯಾನಿನ ಎಡಗಡೆ ಹಿಂದಿನ ಲೈಟು ಕೈಕೊಟ್ಟಿತ್ತು. ಟೌನಿನ ಒಂದು ಗ್ಯಾರೇಜಿನಲ್ಲಿ ಎರಡು ಸಲ ಬಲ್ಬು ಬದಲಾಯಿಸಿದ್ದರು. ಪ್ರತಿ ಸಲ ಒಂದು ವಾರ ಉರಿಯೋದು, ಆಮೇಲೆ ಮತ್ತೆ ಕತ್ತಲೆ. ನಾನು ಹೋಗಿದ್ದ ಶನಿವಾರ ಸಂಜೆ ಕೃಷ್ಣಶಿಲೆಯ ಒಂದು ವಿಗ್ರಹ ಲೋಡಾಗಿ ನಿಂತಿತ್ತು. ಆಂಧ್ರದ ಗಡಿಯಾಚೆ ಒಂದು ಹಳ್ಳಿಗೆ ಬೆಳಗಿನ ಜಾವಕ್ಕೆ ಮುಟ್ಟಬೇಕು, ಮುಹೂರ್ತ ಯಾರಿಗೂ ಕಾಯಲ್ಲ.

“ಬಲಗಡೇದು ಉರೀತಾ ಐತಲ್ಲ, ಸಾಕು ಬುಡು. ಬಂದ್ಮೇಲೆ ನೋಡ್ಸಾನ,” ಅಂದ ಚಿಕ್ಕಪ್ಪ.

“ಅರ್ಧ ಗಂಟೆ ಕೊಡು ಚಿಕ್ಕಪ್ಪ,” ಅಂತ ನಾನು, ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ ಇಬ್ಬರೂ ಕೂತೆವು.

ಡೀಬಗ್ ಮಾಡೋರಿಗೆ ಇದು ಖುಷಿ ಕೊಡೋ ಕೆಲಸ. ಬಲಗಡೆ ಉರೀತಿದೆ ಅಂದರೆ ಫ್ಯೂಸ್ ಸರಿ, ಪೆಡಲ್ ಹತ್ತಿರದ ಸ್ವಿಚ್ಚೂ ಸರಿ, ಯಾಕಂದ್ರೆ ಎರಡೂ ಕಡೆಗೆ ಅವು ಒಂದೇ. ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಇಟ್ಟರೆ ಹನ್ನೆರಡು ವೋಲ್ಟು ಲಕ್ಷಣವಾಗಿ ತೋರಿಸ್ತು. ಬಲ್ಬು ಹಾಕಿದರೆ ಸತ್ತು ಬಿದ್ದಿದೆ. ಮೀಟರು ಸುಳ್ಳು ಹೇಳ್ತಿಲ್ಲ, ಆದರೆ ಅದು ಎಳೆಯೋ ಕರೆಂಟು ಲೆಕ್ಕಕ್ಕೇ ಇಲ್ಲ. 21 ವ್ಯಾಟಿನ ಬಲ್ಬು ಹತ್ತಿರ ಹತ್ತಿರ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತೆ. ಭಾರ ಬಿದ್ದಾಗಲೇ ಕನೆಕ್ಷನ್ನಿನ ಬಂಡವಾಳ ಬಯಲಾಗೋದು. ಟೆಸ್ಟ್ ಸರ್ವರಿನಲ್ಲಿ ಚೆನ್ನಾಗಿ ಓಡಿ ಪ್ರೊಡಕ್ಷನ್‌ನಲ್ಲಿ ಮಲಗೋ ಕೋಡಿನ ಹಾಗೆ.

ಕೊನೆಗೆ ಸುಳಿವು ಸಿಕ್ಕಿದ್ದು ಇನ್ನೆಲ್ಲೋ. ಹುಡುಗ ಬ್ರೇಕ್ ಒತ್ತಿದಾಗ ನಂಬರ್ ಪ್ಲೇಟಿನ ಪುಟ್ಟ ದೀಪ ಮಂಕಾಗಿ ಮಿನುಗಿತು. ಬ್ರೇಕಿಗೂ ಅದಕ್ಕೂ ಏನು ಸಂಬಂಧ? ಆ ಬಲ್ಬಿನೊಳಗೆ ಎರಡು ತಂತಿ, ಬ್ರೇಕಿಗೆ 21 ವ್ಯಾಟು, ಟೈಲಿಗೆ 5 ವ್ಯಾಟು. ಎರಡಕ್ಕೂ ವಾಪಸ್ ಹೋಗೋ ದಾರಿ ಒಂದೇ, ಅರ್ಥ್. ಅದು ಕೆಟ್ಟರೆ ಕರೆಂಟು ಟೈಲಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಪಕ್ಕದ ದೀಪದ ಮೂಲಕ ಮನೆ ಸೇರುತ್ತೆ. ಬಂಪರಿನ ಒಳಗೆ ಕೈ ಹಾಕಿದರೆ ಕಪ್ಪು ವೈರು ಬಾಡಿಗೆ ಸೇರುವ ಬೋಲ್ಟು ಸಿಕ್ತು. ತುಕ್ಕು, ಅದರ ಮೇಲೆ ಮಳೆನೀರಲ್ಲಿ ಗಟ್ಟಿಯಾದ ಕಲ್ಲಿನ ಪುಡಿ.

ಹಾಗಾದರೆ ಬಲ್ಬು ಬದಲಾಯಿಸಿದಾಗ ವಾರ ಉರಿದದ್ದು ಹೇಗೆ? ಬಿಚ್ಚಿ ಹಾಕುವಾಗ ವೈರು ಅಲ್ಲಾಡಿ ಬೋಲ್ಟು ಕಚ್ಚಿಕೊಳ್ತಿತ್ತು, ಅಷ್ಟೆ. ಡ್ಯಾಶ್‌ಬೋರ್ಡಲ್ಲಿ ಬಿದ್ದಿದ್ದ ‘ಸುಟ್ಟ’ ಬಲ್ಬನ್ನ ಬ್ಯಾಟರಿಗೆ ಹಿಡಿದರೆ ಫಳಾರನೆ ಹತ್ತಿತು. ‘ಬದಲಾಯಿಸಿದ ಮೇಲೆ ಹತ್ತಿತು’ ಅನ್ನೋದನ್ನ ‘ಬದಲಾಯಿಸಿದ್ದರಿಂದ ಹತ್ತಿತು’ ಅಂತ ಓದಿಕೊಳ್ಳೋದು ಗ್ಯಾರೇಜಿನವರಿಗೆ ಮಾತ್ರ ಅಂಟಿದ ಕಾಯಿಲೆ ಅಲ್ಲ. ನಮ್ಮ ಆಫೀಸಿನಲ್ಲಿ ಅರ್ಧ ಟಿಕೆಟ್ಟು ಹೀಗೇ ಕ್ಲೋಸ್ ಆಗ್ತವೆ.

ಹುಡುಗ ಉಪ್ಪುಕಾಗದ ತರೋಕೆ ಹೋಗಿದ್ದಾಗ ಚಿಕ್ಕಪ್ಪನಿಗೂ ನನಗೂ ವಾದ ಬಿತ್ತು. ಲೈಟಿಲ್ಲದೆ ಹೋದರೆ ಅಪಾಯ ಯಾರಿಗೆ ಅನ್ನೋದು ನನ್ನ ಪ್ರಶ್ನೆ. ಅರ್ಥ್ ಹೋದದ್ದರಿಂದ ಬ್ರೇಕ್ ಒತ್ತಿದಾಗ ಎಡಗಡೆ ಬ್ರೇಕ್ ಲೈಟೂ ಇಲ್ಲ, ಟೈಲ್ ಲೈಟೂ ಇಲ್ಲ. ಕತ್ತಲಲ್ಲಿ ಹಿಂದಿನಿಂದ ನೋಡೋನಿಗೆ ಒಂದೇ ಒಂದು ಕೆಂಪು ಚುಕ್ಕೆ. ಒಂದು ಚುಕ್ಕೆ ಅಂದ್ರೆ ಬೈಕು ಅಂದುಕೊಂಡು ಎಡಕ್ಕೆ ನುಗ್ಗಿದರೆ ಅಲ್ಲಿ ಕಲ್ಲು ಹೊತ್ತ ವ್ಯಾನಿನ ಅರ್ಧ ಭಾಗ ಇದೆ. 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಹದಿನಾರು-ಹದಿನೇಳು ಮೀಟರು. ನಿರ್ಧಾರ ನಮ್ಮದು, ಪಣಕ್ಕಿಟ್ಟದ್ದು ಅವನ ತಲೆ. ಅವನನ್ನ ಕೇಳೋಣ ಅಂದ್ರೆ ಅವನು ಇನ್ನೂ ಮನೆಯಿಂದಲೇ ಹೊರಟಿಲ್ಲ.

ಪೂರ್ತಿ ಆರಿದ ದೀಪಕ್ಕಿಂತ ಅರ್ಧ ಹೇಳೋ ದೀಪ ಕೆಟ್ಟದ್ದು ಅಂತ ನನಗನ್ನಿಸುತ್ತೆ. ಪೆಡಲ್ ಹತ್ತಿರದ ಪುಟ್ಟ ರಬ್ಬರು ಸವೆದು ಬ್ರೇಕ್ ಲೈಟು ಸದಾ ಉರಿಯೋ ಗಾಡಿಗಳಿರ್ತವೆ, ಅವೂ ಇದೇ ಜಾತಿ. ಆರದ ದೀಪ ಸುದ್ದಿ ಹೇಳಲ್ಲ. ಅಮೆರಿಕದಲ್ಲಿ 1974ರ ಸುಮಾರಿಗೆ ಜಾನ್ ವೋವೊಡ್‌ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಮೂರನೇ ಬ್ರೇಕ್ ಲೈಟು ಹಾಕಿಸಿ ನೋಡಿದ. ಹಿಂದಿನಿಂದ ಗುದ್ದೋದು ಅರ್ಧಕ್ಕಿಂತ ಹೆಚ್ಚು ಕಮ್ಮಿಯಾಯ್ತು. 1986ರ ಮಾಡೆಲ್ಲಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಎಲ್ಲ ಕಾರಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ, 1998ರ ಸರ್ಕಾರಿ ವರದಿಯ ಹೊತ್ತಿಗೆ, ಉಳಿದ ಲಾಭ ಶೇ. 4.3. ಸನ್ನೆಗೂ ಸವಕಳಿ ಇದೆ. ಸುಮ್ಮನೆ ಮಿನುಗೋ ಕೆಂಪು ಎಲ್‌ಇಡಿ ಹಾಕಿಸಿಕೊಂಡು ಓಡಾಡೋ ಪ್ರತಿಯೊಬ್ಬನೂ ಎಲ್ಲರ ಬ್ರೇಕ್ ಲೈಟಿನಿಂದ ಚೂರು ಚೂರು ಕದೀತಿದ್ದಾನೆ.

ಚಿಕ್ಕಪ್ಪ ಇದನ್ನೆಲ್ಲ ಕೇಳಿಸಿಕೊಂಡು ಎರಡು ಮಾತಾಡಿದ. “ನೀನು ನಿಲ್ಸಿರೋ ಅರ್ಧ ಗಂಟೆ ಮೇಕಪ್ ಮಾಡಾಕೆ ನಾನು ದಾರೀಲಿ ಸ್ಪೀಡ್ ಹೊಡೀಬೇಕು. ಆ ಅಪಾಯ ಯಾರ ಲೆಕ್ಕಕ್ಕೆ ಬರ್‍ಕೊತೀಯಪ್ಪಾ?” ಇದು ಒಳ್ಳೇ ಪ್ರಶ್ನೆ. ಊಟ ಬುತ್ತಿ ಕಟ್ಟಿಸಿಕೊಂಡು, ದಾರಿಯ ಹೋಟೆಲಿನ ಅರ್ಧ ಗಂಟೆ ಉಳಿಸಿ, ಅದನ್ನ ಹೇಗೋ ಸರಿದೂಗಿಸಿದೆವು. ಬೋಲ್ಟು ಉಜ್ಜಿ, ಗ್ರೀಸು ಹಚ್ಚಿ, ಬಿಗಿ ಮಾಡಿದ ಮೇಲೆ ಎರಡೂ ಕಡೆ ಸಮನಾಗಿ ಉರಿದವು. ಖರ್ಚು ಒಂದು ಹಾಳೆ ಉಪ್ಪುಕಾಗದ, ಹುಡುಗನ ಕೂಲಿ.

ಎರಡನೇ ಮಾತಿಗೆ ಮಾತ್ರ ನನ್ನ ಹತ್ರ ಅಂಥ ಉಪಾಯ ಇರಲಿಲ್ಲ. “ಕಲ್ಲು ತರೋ ಟ್ರ್ಯಾಕ್ಟರ್ ಟ್ರೇಲರು ನೋಡಿದೀಯಾ? ಲೈಟಿರ್ಲಿ, ವೈರೇ ಇಲ್ಲ. ಅವ್ನು ಬರೋ ಬಾಡ್ಗೇಲಿ ಡೀಸೆಲ್ ಹಾಕ್ಸಾನೋ, ಲೈಟ್ ಹಾಕ್ಸಾನೋ? ಅವ್ನಿಗೂ ಹೋಗಿ ಹೇಳು.” ವೈಟ್‌ಫೀಲ್ಡಿನ ನನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆಲ್ಲ ಗ್ರಾನೈಟು. ಚದರಡಿಗೆ ಎಷ್ಟು ಅಂತ ಬಿಲ್ಡರು ನಮಗೆ ಲೆಕ್ಕ ಕೊಟ್ಟಿದ್ದ. ಅದರಲ್ಲಿ ಸಾಗಾಣಿಕೆ ಅಂತ ಒಂದು ಸಾಲು ಇತ್ತು, ಅದು ಜಾಸ್ತಿಯಾಯ್ತು ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಜೋರು ಚೌಕಾಸಿ ನಡೆದು, ಇಳಿಸಿದ್ದೂ ಆಯ್ತು.