ಅನುಭವವೂ ಆರೋಪವೂ

ಅಪರಿಚಿತವಾದ ಆಹಾರವನ್ನು ಸೇವಿಸಿದ ಬಳಿಕ ದೇಹದಲ್ಲಿ ವಿಕಾರವೇನಾದರೂ ತೋರಿದರೆ ಮನುಷ್ಯನು ಎರಡು ಮಾತುಗಳನ್ನು ಒಟ್ಟಿಗೆ ಆಡುತ್ತಾನೆ. ‘ನನಗೆ ತಲೆ ಭಾರವಾಯಿತು’ ಎಂಬುದು ಮೊದಲನೆಯದು. ‘ಆ ಊಟದಿಂದಲೇ ಆಯಿತು’ ಎಂಬುದು ಎರಡನೆಯದು. ಮೊದಲನೆಯದು ಅನುಭವ, ಅದಕ್ಕೆ ಅವನೇ ಸಾಕ್ಷಿ. ಎರಡನೆಯದು ಊಹೆ, ಅದಕ್ಕೆ ಪ್ರಮಾಣ ಬೇಕು. ಇವೆರಡನ್ನೂ ಒಂದೆಂದು ಬಗೆದರೆ ಎಂತಹ ಅನ್ಯಾಯವಾದೀತೆಂಬುದಕ್ಕೆ ಅಮೆರಿಕ ದೇಶದ ಒಂದು ಪ್ರಸಂಗವು ನಿದರ್ಶನವಾಗಿದೆ.

1968ರಲ್ಲಿ ಮೇರಿಲ್ಯಾಂಡ್ ಪ್ರಾಂತದಲ್ಲಿದ್ದ ರಾಬರ್ಟ್ ಹೊ ಮನ್ ಕ್ವಾಕ್ ಎಂಬ ಚೀನೀ ಮೂಲದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಅಮೆರಿಕದ ಚೀನೀ ಉಪಾಹಾರಗೃಹಗಳಲ್ಲಿ ಉಂಡ 15-20 ನಿಮಿಷಗಳಲ್ಲಿ ತಮಗೆ ಕತ್ತಿನ ಹಿಂಭಾಗ ಜೋಮು ಹಿಡಿದು, ನಿಶ್ಶಕ್ತಿಯೂ ಎದೆಬಡಿತವೂ ಉಂಟಾಗಿ, ಸುಮಾರು ಎರಡು ಗಂಟೆ ಇರುತ್ತವೆ ಎಂದು ತಿಳಿಸಿದರು. ಸೋಯಾ ರಸ, ಅಡಿಗೆಗೆ ಬಳಸುವ ಮದ್ಯ, ರುಚಿಗಾಗಿ ಬೆರೆಸುವ ಗ್ಲುಟಮೇಟ್ ಲವಣ, ಅತಿಯಾದ ಉಪ್ಪು—ಇವುಗಳಲ್ಲಿ ಕಾರಣ ಯಾವುದಿರಬಹುದೆಂದು ವಿಚಾರಿಸಿ, ನಿರ್ಣಯವನ್ನು ಸಂಶೋಧಕರಿಗೆ ಬಿಟ್ಟರು. ಅವರದು ಪ್ರಶ್ನೆ ಮಾತ್ರವಾಗಿತ್ತು.

ಆದರೆ ಲೋಕವು ಪ್ರಶ್ನೆಯನ್ನೇ ಉತ್ತರವೆಂದು ಗ್ರಹಿಸಿತು. ರೋಗಕ್ಕೆ ಚೀನೀಯರ ಹೆಸರೇ ಅಂಟಿತು. ಅಪರಾಧವು ಗ್ಲುಟಮೇಟಿನ ಮೇಲೆ ಬಿದ್ದಿತು. ಅದು 1908ರಲ್ಲಿ ಜಪಾನಿನ ಕಿಕುನೆ ಇಕೆಡ ಎಂಬ ವಿಜ್ಞಾನಿ ಕಡಲ ಪಾಚಿಯ ಸಾರಿನಲ್ಲಿ ಗುರುತಿಸಿದ ರುಚಿದ್ರವ್ಯ. ಗ್ಲುಟಮೇಟ್ ಟೊಮೇಟೊ ಹಣ್ಣಿನಲ್ಲೂ ತಾಯಿಯ ಹಾಲಿನಲ್ಲೂ ಸಹಜವಾಗಿದೆ. ಅಮೆರಿಕದ ಡಬ್ಬಿಯ ಸಾರುಗಳಲ್ಲೂ ಅದೇ ಲವಣವಿತ್ತು. ಆದರೆ ಅವನ್ನು ಉಂಡವರು ಆ ಸಾರುಗಳಿಗೆ ರೋಗದ ಹೆಸರಿಡಲಿಲ್ಲ. ಚೀನೀ ಅಂಗಡಿಗಳವರು ಮಾತ್ರ ‘ನಮ್ಮಲ್ಲಿ ಆ ಲವಣವಿಲ್ಲ’ ಎಂದು ಫಲಕ ಹಾಕಿಕೊಳ್ಳಬೇಕಾಯಿತು.

ತಮಗೆ ಈ ಲವಣ ಒಗ್ಗದೆಂದು ಹೇಳಿಕೊಂಡ 130 ಜನರನ್ನು ಪರೀಕ್ಷಿಸಿದ ಫಲಿತಾಂಶವು 2000ದಲ್ಲಿ ಪ್ರಕಟವಾಯಿತು. ಕೊಡುವವರಿಗೂ ಸೇವಿಸುವವರಿಗೂ ಯಾವುದರಲ್ಲಿ ಲವಣವಿದೆಯೆಂಬುದು ತಿಳಿಯದಂತೆ ಏರ್ಪಾಡಾಗಿತ್ತು. ಆಹಾರವಿಲ್ಲದೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಲ್ಲಿ ಲಕ್ಷಣಗಳು ಕಂಡವು. ಪುನಃ ಕೊಟ್ಟಾಗ ಬಹುತೇಕರಲ್ಲಿ ಅವು ಸ್ಥಿರವಾಗಿ ಮರುಕಳಿಸಲಿಲ್ಲ. ಆಹಾರದೊಡನೆ ಕೊಟ್ಟಾಗ ದೃಢಪಡಲೇ ಇಲ್ಲ. 2020ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟು ಆ ರೋಗನಾಮದ ವಿವರಣೆಯನ್ನು ತಿದ್ದಿ, ಅದು ಹಳತಾದ, ನೋಯಿಸಬಲ್ಲ ಪದವೆಂದು ಸೂಚಿಸಿತು.

ಹಾಗಾದರೆ ಜೋಮು ಹಿಡಿದುದು ಸುಳ್ಳೇ? ಸುಳ್ಳಲ್ಲ. ವೇದನೆ ನಿಜವಾಗಿದ್ದೂ ಆರೋಪ ಮಿಥ್ಯೆಯಾಗಿರಬಹುದು. ಇಲ್ಲದ ದೋಷವನ್ನು ಪರರ ಮೇಲೆ ಹೊರಿಸುವುದನ್ನು ಶಾಸ್ತ್ರಕಾರರು ಅಭ್ಯಾಖ್ಯಾನವೆಂದು ಕರೆದಿದ್ದಾರೆ. ಊಟದ ಎಲೆಯ ಮುಂದೆ ಆಡುವ ಮಾತಿಗೂ ಸತ್ಯಾಣುವ್ರತವು ಅನ್ವಯಿಸುತ್ತದೆ.

ಇದು ದೂರದೇಶದ ಮಾತು ಮಾತ್ರವಲ್ಲ. ಕನ್ನಡ ನಾಡಿನ ಪೇಟೆಬೀದಿಗಳಲ್ಲೂ ಚೀನೀ ಶೈಲಿಯ ತಿನಿಸುಗಳು ಬಂದಿವೆ; ಕಿರಿಯರು ಬಯಸುತ್ತಾರೆ, ಹಿರಿಯರು ತಡೆಯುತ್ತಾರೆ. ತಡೆಯಲು ಧರ್ಮಸಮ್ಮತವಾದ ಕಾರಣಗಳುಂಟು. ಬೆಳ್ಳುಳ್ಳಿ, ಈರುಳ್ಳಿಗಳಿರಬಹುದು, ಪಾತ್ರೆಯ ಶುದ್ಧಿ ತಿಳಿಯದಿರಬಹುದು, ಈಗ ಆ ಲವಣವನ್ನು ಕಬ್ಬು ಮೊದಲಾದವುಗಳ ಸಕ್ಕರೆಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ತಯಾರಿಸುವುದರಿಂದ ಅಹಿಂಸಾದೃಷ್ಟಿಯಿಂದಲೂ ಒಬ್ಬನು ಅದನ್ನು ಬಿಡಬಹುದು. ಇಷ್ಟು ಕಾರಣಗಳಿರುವಾಗ ‘ಅದು ವಿಷ, ಅದನ್ನುಣ್ಣುವವರು ಕೊಳಕರು’ ಎಂದು ಏಕೆ ಹೇಳಬೇಕು? ಭಯದ ಮಾತು ಬೇಗ ಫಲಿಸುತ್ತದೆ, ನಿಜ. ಆದರೆ ಒಂದು ದಿನ ಆ ಕಿರಿಯನು ಗೆಳೆಯರೊಡನೆ ಅದನ್ನು ತಿಂದು ಸುಖವಾಗಿ ಮನೆಗೆ ಬರುತ್ತಾನೆ. ಅಂದು ಸುಳ್ಳಿನೊಡನೆ ನಿಯಮವೂ ಅವನ ಮನಸ್ಸಿನಿಂದ ಜಾರಿಹೋಗುತ್ತದೆ.

ಹಳಿದು ಬಿಡುವುದು ದ್ವೇಷ. ಅರಿತು ಬಿಡುವುದು ತ್ಯಾಗ. ಪರರ ತಟ್ಟೆಯನ್ನು ನಿಂದಿಸದೆ ‘ನನಗೆ ನಿಯಮವಿದೆ’ ಎಂದು ಶಾಂತವಾಗಿ ನುಡಿಯುವ ಶ್ರಾವಕನು ನಾಲಗೆಯನ್ನು ಎರಡು ಬಗೆಯಲ್ಲಿ ಗೆಲ್ಲುತ್ತಾನೆ: ರುಚಿಯಲ್ಲಿಯೂ, ಮಾತಿನಲ್ಲಿಯೂ.