ನಾಯಿಮರಿಯ ಶಿಕ್ಷಣ ಮತ್ತು ಅಹಿಂಸಾಣುವ್ರತ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ ಐದು ಅತಿಚಾರಗಳನ್ನು ಹೇಳಿದೆ. ಎತ್ತು ಕುದುರೆಗಳ ಕಾಲದಲ್ಲಿ ಇವುಗಳಿಗೆ ವಿವರಣೆ ಬೇಕಿರಲಿಲ್ಲ. ಇಂದಿನ ನಗರದ ಮನೆಯಲ್ಲಿ ಎತ್ತಿಲ್ಲ. ಕಾವಲಿಗೆಂದು ತಂದ ನಾಯಿಮರಿ ಉಂಟು. ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದನ್ನೇ ಅನರ್ಥದಂಡವೆಂದು ನಿಷೇಧಿಸಿದ ಆಚಾರ್ಯರಿದ್ದಾರೆ. ಆದ್ದರಿಂದ ಸಾಕದಿರುವುದು ನಿರ್ದೋಷವಾದ ಮಾರ್ಗ. ಆದರೆ ಸಾಕಿದ ಮೇಲೆ ಕರ್ತವ್ಯವೇನು ಎಂಬುದು ಇಲ್ಲಿಯ ವಿಚಾರ.

ನಾಯಿಯು ಸಂಜ್ಞಿ ಪಂಚೇಂದ್ರಿಯ ಜೀವ. ಶಿಕ್ಷಣವನ್ನು ಗ್ರಹಿಸಬಲ್ಲ ಮನಸ್ಸುಳ್ಳದ್ದೇ ಸಂಜ್ಞಿ. ಕಲಿಯಬಲ್ಲ ಮನಸ್ಸು ಅಂಜಲೂ ಬಲ್ಲದು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾರೆ. ಮರಿಯು ಹುಟ್ಟಿದ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಪರಿಚಯವಾದ ಜನ, ಸದ್ದು, ಸ್ಥಳಗಳನ್ನು ಸಹಜವೆಂದು ಸ್ವೀಕರಿಸುತ್ತದೆ. ಆಗ ಕಾಣದೆ ಉಳಿದುದಕ್ಕೆ ಮುಂದೆ ಬೆದರುತ್ತದೆ. ಬೆದರಿದ ನಾಯಿಯೇ ಅನೇಕ ವೇಳೆ ಕಚ್ಚುವ ನಾಯಿ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ವಿದೇಶೀ ಸಂಸ್ಥೆಗಳು ಮರಿಯನ್ನು ಮೊದಲ ವರ್ಷ ಗೃಹಸ್ಥರ ಮನೆಯಲ್ಲಿರಿಸಿ, ಬಸ್ಸು, ರೈಲು, ಅಂಗಡಿಗಳಿಗೆ ಕರೆದೊಯ್ಯಿಸುವುದು ಇದೇ ಕಾರಣದಿಂದ. ಮಡಿವಾಳಕ್ಕೆ ಸಮೀಪದ ಆಡುಗೋಡಿಯ ಪೊಲೀಸ್ ಶ್ವಾನದಳದಲ್ಲಿಯೂ ನಾಯಿಯು ತನ್ನ ಪಾಲಕನೊಡನೆ ತಿಂಗಳುಗಟ್ಟಲೆ ಪಳಗಿದ ಮೇಲೆಯೇ ಕರ್ತವ್ಯಕ್ಕೆ ಹೊರಡುತ್ತದೆ.

ಹಾಗಿರುವಾಗ ಮರಿಯನ್ನು ಗೇಟಿನ ಬಳಿ ದಿನವಿಡೀ ಸರಪಳಿಯಲ್ಲಿ ಕಟ್ಟಿಡುವುದು ಬಂಧವಲ್ಲದೆ ಮತ್ತೇನು? 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮು, ಸದಾ ಕಟ್ಟಿಟ್ಟ ನಾಯಿಗೆ ತಕ್ಕ ವ್ಯಾಯಾಮ ಕೊಡಿಸದ ಯಜಮಾನನನ್ನು ಅಪರಾಧಿಯೆಂದೇ ಎಣಿಸುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಧೈರ್ಯ ಬರಲೆಂದು ಮರಿಯನ್ನು ಮೊದಲ ದಿನವೇ ಮಡಿವಾಳ ಮಾರುಕಟ್ಟೆಯ ನಡುವೆ, ತಳ್ಳುಗಾಡಿಗಳ ಮತ್ತು ಹೊಸೂರು ರಸ್ತೆಯ ಬಸ್ಸುಗಳ ಗದ್ದಲದಲ್ಲಿ ಎಳೆದೊಯ್ದರೆ ಅದು ಅತಿಭಾರಾರೋಪಣ. ಭಾರ ಬೆನ್ನಿನ ಮೇಲೆಯೇ ಬೀಳಬೇಕೆಂದಿಲ್ಲ. ಬಾಲವನ್ನು ಕಾಲಿನ ನಡುವೆ ಸೇರಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಕೊಟ್ಟ ತಿನಿಸನ್ನು ಒಲ್ಲೆನೆನ್ನುವುದು ತೂಕ ಮೀರಿತೆಂಬುದರ ಗುರುತು. ಆಗ ಹಿಂದಿರುಗಬೇಕು, ಗದರಿಸಿ ಮುಂದೂಡಬಾರದು. ಲಸಿಕೆಗಳು ಪೂರ್ಣವಾಗುವವರೆಗೆ ನೆಲಕ್ಕಿಳಿಸದೆ ಎತ್ತಿಕೊಂಡು, ದೂರದಿಂದ ಕೆಲವು ನಿಮಿಷ ತೋರಿಸಿದರೆ ಸಾಕು. ಮಧ್ಯಾಹ್ನದ ಕಾದ ಡಾಂಬರು ಅಂಗಾಲನ್ನು ಸುಡುತ್ತದೆ. ಹೊರಟಾಗ ನೀರು ಜೊತೆಗಿರಬೇಕು. ರೈಲಿನಲ್ಲಿ ಪ್ರಥಮ ದರ್ಜೆಯ ಪ್ರತ್ಯೇಕ ಕೋಣೆ ಕಾದಿರಿಸದವರ ನಾಯಿಯನ್ನು ಗಾರ್ಡಿನ ವ್ಯಾನಿನ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಅಭ್ಯಾಸವಿಲ್ಲದ ಎಳೆಯ ಮರಿಗೆ ಆ ಒಂಟಿತನ ಸಲ್ಲದು.

ಮನುಷ್ಯನ ಉಪಯೋಗಕ್ಕಾಗಿ ಪಳಗಿಸುವುದೇ ಹಿಂಸೆಯಲ್ಲವೇ ಎಂದು ಕೆಲವರು ಕೇಳಬಹುದು. ಪ್ರಮಾದದಿಂದಾದ ಪ್ರಾಣಪೀಡೆಯೇ ಹಿಂಸೆಯೆಂಬುದು ಶಾಸ್ತ್ರದ ನಿರ್ಣಯ. ಯಜಮಾನನ ಆತುರ, ಪ್ರದರ್ಶನದ ಆಸೆ, ಅಲಕ್ಷ್ಯ ಇವು ಪ್ರಮಾದ. ಮರಿಯ ಶಕ್ತಿಯನ್ನರಿತು, ಅದರ ಭಯವನ್ನು ಕಡಿಮೆ ಮಾಡುವ ಶಿಕ್ಷಣವು ರಕ್ಷಣೆ. ಎರಡೂ ಕಡೆ ಹಗ್ಗ ಒಂದೇ. ಹಿಡಿದವನ ಭಾವ ಬೇರೆ.

ಹೊಡೆತ ತಿಂದು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರವನ್ನು ಕೇಳಿಸಿದ ಜೀವಂಧರಕುಮಾರನ ಕಥೆಯನ್ನು ನಮ್ಮ ಮನೆಗಳ ಮಕ್ಕಳು ಬಲ್ಲರು. ಆ ನಾಯಿ ಯಕ್ಷನಾಗಿ ಹುಟ್ಟಿತು. ಆದರೆ ಕರುಣೆಯು ಮರಣಕಾಲದವರೆಗೆ ಕಾಯಬೇಕಾಗಿಲ್ಲ. ಕಾವಲಿಗೆ ನಾಯಿಯನ್ನಿಟ್ಟಿರುವ ಕುಟುಂಬಗಳೂ ಬಸದಿಯ ಟ್ರಸ್ಟುಗಳೂ ಅದನ್ನು ದಿನಕ್ಕೆರಡು ಬಾರಿ ಹೊರಗೆ ಕರೆದೊಯ್ಯುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಲಿ. ಎಲ್ಲರ ಹೊಣೆಯೆಂದು ಬಿಟ್ಟರೆ ಸರಪಳಿ ಬಿಚ್ಚುವವರು ಯಾರೂ ಇರುವುದಿಲ್ಲ.